ತಂದೆಯ ಹೆಸರಿಲ್ಲದ ದಾಖಲೆ: ಜ್ಞಾನಸ್ನಾನದ ಪುಸ್ತಕ ಮತ್ತು ಷರತ್ತುಬದ್ಧ ಶೋಧನೆ

ವಿವಾಹಕ್ಕೆ ಸಿದ್ಧರಾಗುವವರು ಜ್ಞಾನಸ್ನಾನದ ಪ್ರಮಾಣಪತ್ರ ಕೋರಿ ಬರೆಯುವ ಪತ್ರಗಳಲ್ಲಿ ಬೇಕಾದ ವಿವರವೆಲ್ಲ ಇರುವುದು ಅಪರೂಪ. ಸಗರನಾಡಿನಿಂದ ದುಡಿಮೆಗಾಗಿ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋದ ಮನೆತನಗಳ ಮಕ್ಕಳಲ್ಲಿ ಒಬ್ಬರಿಗೆ ತಾಯಿಯ ಹೆಸರು ಗೊತ್ತು, ವರ್ಷ ಗೊತ್ತಿಲ್ಲ. ಇನ್ನೊಬ್ಬರಿಗೆ ಊರು ಮಾತ್ರ ಗೊತ್ತು, ಅದೂ ಅಜ್ಜಿಯ ಬಾಯಿಂದ ಕೇಳಿದ್ದು. ಹಳೆಯ ಪುಸ್ತಕದ ಪುಟ ತಿರುವುವ ಗುರುವು ಇದ್ದ ಸುಳಿವನ್ನು ಹಿಡಿಯುತ್ತಾನೆ, ಇಲ್ಲದ್ದನ್ನು ಕೈಬಿಡುತ್ತಾನೆ. ಇದೇ ಷರತ್ತುಬದ್ಧ ಶೋಧನೆ. ಪುಸ್ತಕವು ಗಣಕಯಂತ್ರಕ್ಕೆ ಏರಿದಾಗ ಈ ವಿವೇಕವನ್ನು ಯಂತ್ರಕ್ಕೆ ಅಕ್ಷರಶಃ ಬರೆದುಕೊಡಬೇಕಾಗುತ್ತದೆ. ಅಲ್ಲಿ ಮಾಡುವ ಸಣ್ಣ ತಪ್ಪಿಗೆ ಮೇಷಪಾಲನೆಯಲ್ಲಿ ಬೆಲೆ ತೆರಬೇಕಾಗುತ್ತದೆ.

ಜ್ಞಾನಸ್ನಾನದ ದಾಖಲೆ ಸಮನಾದ ಅಂಕಣಗಳ ಕೋಷ್ಟಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಧರ್ಮಸಭಾ ಶಾಸನ ಸಂಹಿತೆಯ 535ನೆಯ ವಿಧಿಯಂತೆ ದೃಢೀಕರಣ, ವಿವಾಹ, ದತ್ತು ಸ್ವೀಕಾರ, ಗುರುದೀಕ್ಷೆ, ನಿತ್ಯವ್ರತ ಇವೆಲ್ಲವೂ ಆ ದಾಖಲೆಯ ಅಂಚಿನಲ್ಲಿ ಸೇರಬೇಕು. ಒಂದು ದಾಖಲೆಗೆ ನಾಲ್ಕು ಟಿಪ್ಪಣಿ, ಮತ್ತೊಂದಕ್ಕೆ ಒಂದೂ ಇಲ್ಲ. ಇಂಥ ಏರುಪೇರಿನ ಬರಹಕ್ಕೆ 1998ರಲ್ಲಿ ರೂಪುಗೊಂಡ ಎಕ್ಸ್‌ಎಂಎಲ್ ವಿಧಾನ ಹೊಂದುತ್ತದೆ. ಟ್ಯಾಗುಗಳನ್ನು ಕನ್ನಡದಲ್ಲಿಯೇ 'ತಾಯಿ', 'ತಂದೆ', 'ಊರು' ಎಂದು ಇಡಬಹುದು. ಇಂಥ ಕಡತಗಳನ್ನು ಕಾಪಿಡುವ ಎಕ್ಸಿಸ್ಟ್-ಡಿಬಿ, ಬೇಸ್‌ಎಕ್ಸ್ ಎಂಬ ದತ್ತಸಂಚಯ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಅವುಗಳಿಗೆ ಪ್ರಶ್ನೆ ಹಾಕುವ ಭಾಷೆ ಎಕ್ಸ್‌ಕ್ವೆರಿ.

ಅರ್ಜಿದಾರರು ಕೊಟ್ಟ ವಿವರಕ್ಕೆ ತಕ್ಕಂತೆ ಪ್ರಶ್ನೆಯನ್ನು ಬದಲಿಸಲು ಎರಡು ದಾರಿಗಳಿವೆ. ಒಂದು, ತುಂಡು ತುಂಡು ಪದಗಳನ್ನು ಅಂಟಿಸಿ ಇಡೀ ಪ್ರಶ್ನೆಯನ್ನು ಒಂದು ವಾಕ್ಯವಾಗಿ ಹೊಸೆದು, ಅದನ್ನು ನಡೆಸೆಂದು ಯಂತ್ರಕ್ಕೆ ಒಪ್ಪಿಸುವುದು. ಮೊದಲ ನೋಟಕ್ಕೆ ಇದೇ ಸುಲಭವೆನಿಸುತ್ತದೆ. ಆದರೆ ನಮ್ಮ ನಡುವಿನ ಡಿ'ಸೋಜ, ಡಿ'ಸಿಲ್ವ ಮನೆತನಗಳ ಹೆಸರಿನಲ್ಲಿರುವ ಆ ಒಂದು ಚಿಹ್ನೆಯೇ ಸಾಕು: ಅದನ್ನು ಉದ್ಧರಣ ಚಿಹ್ನೆಯೆಂದು ಬಗೆದ ಯಂತ್ರ ಅರ್ಧಕ್ಕೇ ಮುಗ್ಗರಿಸುತ್ತದೆ. ಕೇಡು ಬಗೆದವನು ಇದೇ ಬಿರುಕಿನಿಂದ ತನ್ನ ಆಜ್ಞೆಯನ್ನು ಒಳಗೆ ತೂರಿಸಬಲ್ಲನು. ಆದ್ದರಿಂದ ಎರಡನೆಯ ದಾರಿಯೇ ಲೇಸು. ಪ್ರಶ್ನೆಯ ಕಟ್ಟು ಬದಲಾಗದು. ಹೆಸರು, ಊರು, ವರ್ಷಗಳು ಹೊರಗಿನಿಂದ ಮೌಲ್ಯಗಳಾಗಿ ಬರುತ್ತವೆ. ಪ್ರತಿ ಹಂತದಲ್ಲಿಯೂ ಒಂದು ಷರತ್ತು: ಊರು ಕೊಟ್ಟಿದ್ದರೆ ಆ ಊರಿನ ದಾಖಲೆಗಳು, ಇಲ್ಲದಿದ್ದರೆ ಹಿಂದಿನ ಹಂತದಿಂದ ಬಂದ ಎಲ್ಲವೂ. ಹೀಗೆ ಒಂದು ಜರಡಿಯಿಂದ ಇನ್ನೊಂದು ಜರಡಿಗೆ.

ಎಕ್ಸ್‌ಕ್ವೆರಿಯ 3.1ನೆಯ ಆವೃತ್ತಿಯವರೆಗೂ 'ಇಫ್' ಎಂದು ಆರಂಭಿಸಿದವನು 'ಎಲ್ಸ್' ಎಂದು ಮುಗಿಸಲೇಬೇಕು. 'ಇಲ್ಲದಿದ್ದರೆ ಏನು?' ಎಂಬುದನ್ನು ಹೇಳದೆ ಬಿಡಲು ಭಾಷೆಯೇ ಒಪ್ಪುವುದಿಲ್ಲ. ತರಗತಿಯಲ್ಲಿ ನೀತಿಶಾಸ್ತ್ರ ಕಲಿಸುವವನಿಗೆ ಈ ನಿಯಮ ಹಿಡಿಸದೆ ಇರದು.

ನಿಜವಾದ ತೊಡಕು ತಂದೆಯ ಹೆಸರಿನಲ್ಲಿದೆ. 877ನೆಯ ವಿಧಿಯಂತೆ ಅವಿವಾಹಿತ ತಾಯಿಯ ಮಗುವಿನ ದಾಖಲೆಯಲ್ಲಿ ತಂದೆಯ ಹೆಸರನ್ನು ಬರೆಯಬೇಕಾದರೆ ಸಾರ್ವಜನಿಕ ದಸ್ತಾವೇಜು ಇರಬೇಕು, ಇಲ್ಲವೆ ಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಆತನೇ ಒಪ್ಪಿಕೊಳ್ಳಬೇಕು. ಎರಡೂ ಇಲ್ಲವಾದರೆ ತಂದೆಯ ಹೆಸರಿಲ್ಲದೆಯೇ ಮಗುವಿನ ಹೆಸರು ದಾಖಲಾಗುತ್ತದೆ. ಆ ಖಾಲಿ ಜಾಗ ಗುಮಾಸ್ತನ ಮರೆವಲ್ಲ, ಶಾಸನದ ವಿಧಿ. 1982ರ ಕರ್ನಾಟಕದ ಕಾಯಿದೆ ನಿಷೇಧಿಸಿದ ದೇವದಾಸಿ ಪದ್ಧತಿಯ ನೆರಳು ಇನ್ನೂ ಪೂರ್ತಿ ಸರಿಯದ ಈ ಸೀಮೆಯಲ್ಲಿ ಅಂಥ ಮಕ್ಕಳ ಮಾತು ಕೇವಲ ಪುಸ್ತಕದ ಮಾತಲ್ಲ.

ನಾನು ಬರೆದ ಮೊದಲ ಶೋಧಪ್ರಶ್ನೆ ಇಲ್ಲಿಯೇ ಎಡವಿತು. ಅರ್ಜಿದಾರರು ಶಾಲೆಯ ದಾಖಲೆಯಲ್ಲಿದ್ದ ಹೆಸರನ್ನು, ಬಹುಶಃ ಸೋದರಮಾವನ ಹೆಸರನ್ನೇ, ತಂದೆಯದೆಂದು ಬರೆಯುತ್ತಾರೆ. ಯಂತ್ರ ಅದನ್ನು ಹೋಲಿಸುತ್ತದೆ. 'ತಂದೆ' ಎಂಬ ಘಟಕವೇ ಇಲ್ಲದ ದಾಖಲೆಯಲ್ಲಿ 'ಸಮ' ಎಂಬ ಹೋಲಿಕೆ ಸುಳ್ಳಾಗುತ್ತದೆ; ಅಚ್ಚರಿಯೆಂದರೆ 'ಸಮವಲ್ಲ' ಎಂಬ ಹೋಲಿಕೆಯೂ ಸುಳ್ಳಾಗುತ್ತದೆ! ಏಕೆಂದರೆ ಎಕ್ಸ್‌ಕ್ವೆರಿಯ ಸಾಮಾನ್ಯ ಹೋಲಿಕೆಗೆ ಒಂದಾದರೂ ಮೌಲ್ಯ ಎದುರಿಗೆ ಬೇಕು. ಶೂನ್ಯದ ಮುಂದೆ ಎರಡೂ ಉತ್ತರಗಳು ಇಲ್ಲವೆಂದೇ ಆಗುತ್ತವೆ. ಹೀಗೆ ಆ ಮಗು ಎರಡು ಪಟ್ಟಿಯಲ್ಲಿಯೂ ಇರುವುದಿಲ್ಲ. ಯಂತ್ರ ದೋಷವನ್ನೂ ತೋರಿಸುವುದಿಲ್ಲ. ಪರಿಹಾರ ಸರಳ: 'ತಂದೆಯ ಹೆಸರು ಹೊಂದುತ್ತದೆ ಅಥವಾ ದಾಖಲೆಯಲ್ಲಿ ತಂದೆಯ ಘಟಕವೇ ಇಲ್ಲ' ಎಂದು ಷರತ್ತನ್ನು ಹಿಗ್ಗಿಸಿ, ಎರಡನೆಯ ಬಗೆಯ ಫಲಿತಾಂಶಗಳನ್ನು ಬೇರೆಯಾಗಿ ಗುರುವಿನ ಪರಿಶೀಲನೆಗೆ ಇಡುವುದು. ತುಂಬದೆ ಬಿಟ್ಟ ಅರ್ಜಿಯ ಜಾಗ ಖಾಲಿ ಪದವಾಗಿ ಬರುತ್ತದೆಯೇ, ಏನೂ ಇಲ್ಲದೆ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಯಂತ್ರಕ್ಕೆ ಇವೆರಡೂ ಬೇರೆ.

ಆದರೆ ಇದೇ ಜಾಣತನ ತಿರುಗಿಯೂ ಹೊಡೆಯಬಲ್ಲದು. ತಂದೆಯ ಘಟಕವಿಲ್ಲದವರನ್ನೆಲ್ಲ ತೋರಿಸೆಂದರೆ ಒಂದು ಕ್ಷಣದಲ್ಲಿ ಪಟ್ಟಿ ಸಿದ್ಧ. ಹಿಂದೆ ದಪ್ಪ ಪುಸ್ತಕಗಳ ಶ್ರಮವೇ ಅಂಥ ಕುತೂಹಲಕ್ಕೆ ತಡೆಯಾಗಿತ್ತು. ಎಲ್ಲ ಜಾಗಗಳನ್ನೂ ಖಾಲಿ ಬಿಟ್ಟರಂತೂ ಎಲ್ಲ ಜರಡಿಗಳೂ ತೆರೆದು ಇಡೀ ಪುಸ್ತಕವೇ ಹೊರಗೆ ಸುರಿಯುತ್ತದೆ. ಆದಕಾರಣ ಪ್ರಶ್ನೆಯ ನೆತ್ತಿಯ ಮೇಲೆ ಒಂದು ಷರತ್ತು ಇರಲೇಬೇಕು: ವ್ಯಕ್ತಿಯ ಹೆಸರು ಇಲ್ಲದಿದ್ದರೆ ಫಲಿತಾಂಶ ಶೂನ್ಯ.

ಊರಿನ ಹೆಸರಿನ ಕಥೆ ಚಿಕ್ಕದು, ಕಾಟ ದೊಡ್ಡದು. ಸುರಪುರವು ಶೋರಾಪುರವೂ ಆಗಿತ್ತು. ಯಾದಗಿರಿಯು ಯಾದಗೀರವೂ ಹೌದು. ಈ ನಾಡು 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಹಳೆಯ ದಾಖಲೆಗಳಲ್ಲಿ ಜಿಲ್ಲೆ ಗುಲಬರ್ಗಾ ಎಂದೇ ಇರುತ್ತದೆ. ಆ ಹೆಸರೂ 2014ರಲ್ಲಿ ಕಲಬುರಗಿಯಾಯಿತು. ವರ್ಷಕ್ಕೆ ತಕ್ಕಂತೆ ಜಿಲ್ಲೆಯನ್ನು ಬದಲಿಸುವ ಷರತ್ತನ್ನು ಬರೆಯಬಹುದು, ಆದರೆ ಜಿಲ್ಲೆಯನ್ನು ಕೇಳದೆ ಇರುವುದೇ ಮೇಲೆಂದು ನನ್ನ ಅನಿಸಿಕೆ. ಊರುಗಳಿಗೆ ಪರ್ಯಾಯ ಹೆಸರುಗಳ ಒಂದು ಚಿಕ್ಕ ಕಡತ ಸಾಕು. ಕಣ್ಣಿಗೆ ಕಾಣದ ಇನ್ನೊಂದು ತೊಡಕೆಂದರೆ, 'ಶೋ' ಎಂಬ ಅಕ್ಷರದ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಬಹುದು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಸೌಕರ್ಯ ಎಕ್ಸ್‌ಕ್ವೆರಿಯಲ್ಲಿದೆ.

ಇಷ್ಟಾದ ಮೇಲೂ ತೆರೆಯ ಮೇಲೆ ಏನೂ ಮೂಡದಿದ್ದರೆ? ಕೊನೆಯ 'ಎಲ್ಸ್' ಇದು. ಅಲ್ಲಿ 'ಜ್ಞಾನಸ್ನಾನವಾಗಿಲ್ಲ' ಎಂದು ಬರೆಯುವುದು ಸುಳ್ಳು. 'ಈ ಸುಳಿವುಗಳಿಗೆ ದಾಖಲೆ ದೊರೆಯಲಿಲ್ಲ' ಎಂಬುದಷ್ಟೇ ನಿಜ. ಈ ಭೇದ ಕೇವಲ ಮಾತಿನದಲ್ಲ. ಗಂಭೀರ ವಿಚಾರಣೆಯ ನಂತರವೂ ಸಂಶಯ ಉಳಿದರೆ ಮಾತ್ರ ಷರತ್ತಿನ ಜ್ಞಾನಸ್ನಾನವೆಂದು 869ನೆಯ ವಿಧಿ ಹೇಳುತ್ತದೆ. ಏಕೆಂದರೆ ಈ ಸಂಸ್ಕಾರವನ್ನು ಎರಡನೆಯ ಬಾರಿ ನೀಡಲಾಗದು. ತಪ್ಪಾಗಿ ಕಟ್ಟಿದ ಪ್ರಶ್ನೆಯೊಂದರ ಮೌನವನ್ನು ಗಂಭೀರ ವಿಚಾರಣೆಯೆಂದು ಎಣಿಸುವಂತಿಲ್ಲ. 876ನೆಯ ವಿಧಿಯಂತೆ, ಯಾರಿಗೂ ಬಾಧಕವಾಗದಿದ್ದರೆ, ನಂಬಲರ್ಹನಾದ ಒಬ್ಬನೇ ಸಾಕ್ಷಿಯ ಮಾತೂ ಜ್ಞಾನಸ್ನಾನಕ್ಕೆ ಸಾಕಷ್ಟು ಪುರಾವೆ. ಆದ್ದರಿಂದ ನನ್ನ ಶೋಧಪ್ರಶ್ನೆಯ ಕೊನೆಯ ಸಾಲು ಈಗ ಮೂರು ಕೆಲಸಗಳನ್ನು ಸೂಚಿಸುತ್ತದೆ: ಕಾಗದದ ಮೂಲ ಪುಸ್ತಕವನ್ನು ತೆರೆದು ನೋಡುವುದು, ಜ್ಞಾನ ಮಾತಾಪಿತರನ್ನು ವಿಚಾರಿಸುವುದು, ನೆರೆಯ ಧರ್ಮಕೇಂದ್ರಗಳಿಗೆ ಬರೆಯುವುದು.