‘ಬೇಡ’ ಎನ್ನುವ ವಯಸ್ಸು

ನಿಮ್ಮ ಮನೆಯಲ್ಲಿ ಒಂದೂವರೆ ವರ್ಷದ ಮಗುವೇನಾದರೂ ಇದ್ದರೆ ಈ ಲೇಖನವನ್ನು ನೀವು ಒಂದೇ ಸಲಕ್ಕೆ ಓದಿ ಮುಗಿಸಲಾರಿರಿ. ಮೊದಲನೆಯ ಪುಟ ಮುಗಿಯುವಷ್ಟರಲ್ಲಿ ಪತ್ರಿಕೆಯು ನಿಮ್ಮ ಕೈಯಿಂದ ಮಗುವಿನ ಕೈಗೂ, ಅಲ್ಲಿಂದ ಅದರ ಬಾಯಿಗೂ ಹೋಗಿರುತ್ತದೆ. ಆದ್ದರಿಂದ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ವಯಸ್ಸಿನ ಮಗು ‘ಬೇಡ’ ಎಂದಾಗ ಅದು ನಿಮ್ಮನ್ನು ಧಿಕ್ಕರಿಸುತ್ತಿಲ್ಲ. ನೀವು ಬೇರೆ, ತಾನು ಬೇರೆ ಎಂಬುದನ್ನು ಆಗತಾನೇ ಕಂಡುಕೊಂಡು, ಅದು ನಿಜವೇ ಎಂದು ದಿನಕ್ಕೆ ಹತ್ತಾರು ಸಲ ಪರೀಕ್ಷೆ ಮಾಡಿ ನೋಡುತ್ತಿದೆ. ಉಳಿದದ್ದನ್ನು ಮಗು ಮಲಗಿದ ಮೇಲೆ ಓದಬಹುದು.

ನಾನಿರುವುದು ಬೆಂಗಳೂರಿನ ಉತ್ತರ ಭಾಗದ ಆರ್.ಟಿ. ನಗರದಲ್ಲಿ. ಬೆಳಗ್ಗೆ ಮಗಳೂ ಅಳಿಯನೂ ಕೆಲಸಕ್ಕೆ ಹೊರಟರೆಂದರೆ, ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಸಂದಣಿಯನ್ನು ದಾಟಿ ಅವರು ಮನೆ ಸೇರುವವರೆಗೆ ಹತ್ತೊಂಬತ್ತು ತಿಂಗಳ ಮೊಮ್ಮಗ ನಮ್ಮಿಬ್ಬರ ವಶ. ಅಥವಾ ನಾವಿಬ್ಬರು ಅವನ ವಶ. ನಮ್ಮ ಬಡಾವಣೆಯ ಹೆಸರಿನಲ್ಲಿರುವ ‘ಆರ್.ಟಿ.’ ಎಂದರೆ ರವೀಂದ್ರನಾಥ ಟಾಗೋರ್. ಬಸ್ಸಿನ ಫಲಕದಲ್ಲಿ ಎರಡು ಅಕ್ಷರಗಳಾಗಿ ಕುಳಿತಿರುವ ಈ ಕವಿಗೂ ನನ್ನ ವಿಷಯಕ್ಕೂ ಸಂಬಂಧವಿದೆ. 1902ರಲ್ಲಿ ಪತ್ನಿಯನ್ನು ಕಳೆದುಕೊಂಡ ಟಾಗೋರರು ತಾಯಿಯಿಲ್ಲದ ಮಕ್ಕಳ ನಡುವೆ ಇದ್ದುಕೊಂಡು ‘ಶಿಶು’ ಎಂಬ ಸಂಗ್ರಹದ ಕವಿತೆಗಳನ್ನು ಬರೆದರು. 1913ರಲ್ಲಿ ಬಂದ ‘ದಿ ಕ್ರೆಸೆಂಟ್ ಮೂನ್’ ಎಂಬ ಇಂಗ್ಲಿಷ್ ಸಂಗ್ರಹದಲ್ಲಿ ಅವುಗಳ ಪೈಕಿ ಹಲವು ಸೇರಿವೆ. ಮಗುವಿನ ಪಕ್ಕದಲ್ಲಿ ನಿಂತು ದೊಡ್ಡವರನ್ನು ನೋಡುವ ಕವಿತೆಗಳು ಅಲ್ಲಿ ಅನೇಕ. ನಾವೂ ಸ್ವಲ್ಪ ಹೊತ್ತು ಅದೇ ಪಕ್ಕದಲ್ಲಿ ನಿಂತು ನೋಡೋಣ.

ಮೊದಲು ಕಾಲಿನ ವಿಷಯ. ‘ನಿಮ್ಮ ಮಗು ಇನ್ನೂ ನಡೆಯಲಿಲ್ಲವೇ?’ ಎಂಬ ಪ್ರಶ್ನೆ ಎದುರುಮನೆಯಿಂದ ಬಂದ ದಿನ ಎಷ್ಟೋ ತಾಯಂದಿರಿಗೆ ಊಟ ರುಚಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮಗುವು ಆಸರೆಯಿಲ್ಲದೆ ನಡೆಯಲು ಆರಂಭಿಸುವುದು ಸುಮಾರು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ಒಂಬತ್ತು ತಿಂಗಳಿಗೆ ನಡೆದವನು ಜಾಣನೂ ಅಲ್ಲ, ಹದಿನಾರಕ್ಕೆ ನಡೆದವನು ದಡ್ಡನೂ ಅಲ್ಲ. ಆದರೆ ನಡೆಯಲು ಆರಂಭಿಸಿದ ಮೇಲೆ ಆ ಶ್ರಮವನ್ನು ನೋಡಬೇಕು. ನ್ಯೂಯಾರ್ಕಿನಲ್ಲಿ ಕ್ಯಾರನ್ ಅಡಾಲ್ಫ್ ಎಂಬ ವಿದುಷಿಯೂ ಅವರ ಸಂಗಡಿಗರೂ ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳ ಆಟವನ್ನು ಚಿತ್ರೀಕರಿಸಿ ಹೆಜ್ಜೆಗಳನ್ನು ಎಣಿಸಿದರು. 2012ರಲ್ಲಿ ಪ್ರಕಟವಾದ ಆ ಲೆಕ್ಕ ಹೀಗಿದೆ: ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳು. ಗಂಟೆಗೆ ಹದಿನೇಳು ಸಲ ಬಿದ್ದರೆ ನೀವು, ನಾನು ಎಂದೋ ನಡೆಯುವುದನ್ನೇ ಬಿಟ್ಟು ಮಂಚ ಹಿಡಿಯುತ್ತಿದ್ದೆವು. ಮಗುವು ಎದ್ದು, ಕೈ ಒರೆಸಿಕೊಳ್ಳದೆ, ಆ ಕೈಯನ್ನೇ ಬಾಯಿಗಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ. ಹಠವಿಲ್ಲದಿದ್ದರೆ ಇದು ಸಾಧ್ಯವೇ? ಯಾವ ಹಠವನ್ನು ನಾವು ಊಟದ ಹೊತ್ತಿನಲ್ಲಿ ಬೈಯುತ್ತೇವೆಯೋ ಅದೇ ಹಠ ಅದನ್ನು ನಡೆಯಿಸಿದ್ದು.

ಎರಡನೆಯದು ಕನ್ನಡಿಯ ವಿಷಯ. ಅಮೆರಿಕದಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಮನೋವಿಜ್ಞಾನಿ 1972ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಪ್ರಕಟಿಸಿದರು. ಮಗುವಿಗೆ ತಿಳಿಯದಂತೆ ಅದರ ಮೂಗಿಗೆ ಕೆಂಪು ಬಣ್ಣ ಹಚ್ಚಿ ಕನ್ನಡಿಯ ಮುಂದೆ ಬಿಡುವುದು. ಒಂದು ವರ್ಷದ ಮಗುವು ಕನ್ನಡಿಯೊಳಗೆ ಬೇರೊಂದು ಮಗುವಿದೆಯೆಂದು ನಗುತ್ತದೆ, ಮುತ್ತು ಕೊಡುತ್ತದೆ, ಕೆಲವು ಸಲ ಹಿಂದೆ ಹೋಗಿ ಹುಡುಕುತ್ತದೆ. ಎರಡು ವರ್ಷ ಸಮೀಪಿಸಿದ ಹೆಚ್ಚಿನ ಮಕ್ಕಳಾದರೋ ಕನ್ನಡಿಯನ್ನು ಬಿಟ್ಟು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಈ ಪರೀಕ್ಷೆಯ ಸಾಮಗ್ರಿ ದಿನವೂ ಸಿದ್ಧವಾಗಿರುತ್ತದೆ, ಅದೇ ದೃಷ್ಟಿಬೊಟ್ಟು. ಅಜ್ಜಿ ಕೆನ್ನೆಗಿಟ್ಟ ಕಪ್ಪನ್ನು ಇಷ್ಟು ದಿನ ಲಕ್ಷಿಸದೆ ಇದ್ದ ನಮ್ಮ ಪುಟ್ಟ, ಕಳೆದ ತಿಂಗಳು ಒಂದು ದಿನ ಬೀರುವಿನ ಕನ್ನಡಿಯ ಮುಂದೆ ನಿಂತವನು ಕೈಯೆತ್ತಿ ತನ್ನ ಕೆನ್ನೆಯನ್ನೇ ಉಜ್ಜಿಕೊಂಡ. ಅಜ್ಜಿಗೆ ಬೊಟ್ಟು ಹೋಯಿತೆಂಬ ಚಿಂತೆ. ನನಗೆ ಮಾತ್ರ ಮನೆಗೆ ಹೊಸಬನೊಬ್ಬ ಬಂದಂತಾಯಿತು. ‘ನಾನು’ ಎನ್ನುವವನು ಬಂದಿದ್ದ.

‘ನಾನು’ ಬಂದ ಮೇಲೆ ‘ನೀನು’ ಬರಲೇಬೇಕಷ್ಟೆ. ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಬೆಟ್ಟಿ ರೆಪಕೋಲಿ ಮತ್ತು ಆಲಿಸನ್ ಗೋಪ್ನಿಕ್ ಎಂಬ ಇಬ್ಬರು ನಡೆಸಿ 1997ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಿದೆ. ಮಗುವಿನ ಮುಂದೆ ಎರಡು ಬಟ್ಟಲು. ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹೂಕೋಸಿನ ಜಾತಿಯ ಬ್ರಾಕೊಲಿ. ಪರೀಕ್ಷಕರು ಬ್ರಾಕೊಲಿಯನ್ನು ಚಪ್ಪರಿಸಿ ತಿಂದು, ಬಿಸ್ಕತ್ತಿಗೆ ಮುಖ ಸಿಂಡರಿಸಿ, ‘ನನಗೂ ಸ್ವಲ್ಪ ಕೊಡು’ ಎಂದು ಕೈ ಚಾಚುವರು. ಹದಿನಾಲ್ಕು ತಿಂಗಳ ಮಕ್ಕಳು ತಮಗೆ ಯಾವುದು ಇಷ್ಟವೋ ಆ ಬಿಸ್ಕತ್ತನ್ನೇ ಕೊಟ್ಟವು. ಹದಿನೆಂಟು ತಿಂಗಳ ಮಕ್ಕಳು ಬ್ರಾಕೊಲಿಯನ್ನು ಕೊಟ್ಟವು. ನಾಲ್ಕು ತಿಂಗಳ ಅಂತರದಲ್ಲಿ ಎಷ್ಟು ದೊಡ್ಡ ವಿದ್ಯೆ! ‘ನನ್ನ ರುಚಿ ಬೇರೆ, ಇವರ ರುಚಿ ಬೇರೆ’ ಎಂಬುದು ತಿಳಿಯಿತು. ನಿಮ್ಮ ತಟ್ಟೆಯ ಹಾಗಲಕಾಯಿ ಪಲ್ಯವನ್ನು ಮಗು ಎತ್ತಿ ನಿಮ್ಮ ಬಾಯಿಗೇ ತುರುಕಿದರೆ ಅದು ತುಂಟತನವೆಂದು ತಿಳಿಯಬೇಡಿ, ಅದು ಉಪಚಾರ.

ಆದರೆ ಬೇರೆಯವರ ಮನಸ್ಸು ಬೇರೆ ಎಂದು ತಿಳಿದ ಜೀವಿಗೆ ಅದನ್ನು ಪರೀಕ್ಷಿಸದೆ ಸಮಾಧಾನವಿಲ್ಲ. ನಿಮಗೆ ಬೇಡವಾದದ್ದು ತನಗೆ ಬೇಕಾದಾಗ ಏನಾಗುತ್ತದೆ ಎಂಬುದೇ ಪರೀಕ್ಷೆಯ ಪ್ರಶ್ನೆ. ಅದಕ್ಕೆ ಬೇಕಾದ ಮಾತನ್ನೂ ನಾವೇ ಕಲಿಸಿಕೊಟ್ಟಿರುತ್ತೇವೆ. ‘ಮುಟ್ಟಬೇಡ, ಹತ್ತಬೇಡ, ಬಾಯಿಗೆ ಇಟ್ಟುಕೊಳ್ಳಬೇಡ’ ಎಂದು ಎಷ್ಟು ಸಲ ಹೇಳುತ್ತೇವೆಂಬುದನ್ನು ಒಂದು ದಿನ ಎಣಿಸಿ ನೋಡಿ. ಕೇಳಿದ್ದನ್ನು ಮಗು ಕಲಿಯುತ್ತದೆ. ನಮ್ಮ ಬೀದಿಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ನಾಲ್ಕೂ ಓಡಾಡುತ್ತವೆ. ಒಂದು ಮನೆಯ ‘ಬೇಡ’, ಪಕ್ಕದ ಮನೆಯ ‘ನಕ್ಕೋ’, ಎದುರುಮನೆಯ ‘ವೇಂಡಾಂ’, ಮೇಲಿನ ಮಹಡಿಯ ‘ವದ್ದು’ ಇವೆಲ್ಲ ಸಂಜೆ ಐದರ ಹೊತ್ತಿಗೆ ಒಟ್ಟಿಗೆ ಕೇಳಿಬರುತ್ತವೆ. ಭಾಷೆ ಯಾವುದಾದರೇನು, ರಾಗ ಒಂದೇ. ‘ನಾನು’, ‘ನೀನು’ಗಳ ವ್ಯಾಕರಣ ಮಾತ್ರ ಇನ್ನೂ ಗಟ್ಟಿಯಾಗಿರುವುದಿಲ್ಲ. ‘ನಿನಗೆ ಬೇಕಾ?’ ಎಂದು ನಾವು ಕೇಳುವುದನ್ನು ಕೇಳಿ ಕೇಳಿ, ಕೆಲವು ಮಕ್ಕಳು ತಮಗೆ ಬೇಕಾದಾಗ ‘ನಿಂಗೆ ಬೇಕು’ ಎನ್ನುವುದುಂಟು. ನಕ್ಕು, ‘ನನಗೆ ಬೇಕು’ ಎಂದು ಸರಿಯಾಗಿ ಹೇಳಿ ಕೊಟ್ಟುಬಿಡಿ, ಕ್ರಮೇಣ ಸರಿಹೋಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ನೀವೂ ಕಂಡಿರಬಹುದು. ಮಗು ಪ್ಲಗ್ಗಿನ ಕಡೆ ಕೈ ಚಾಚುತ್ತಾ ತಾನೇ ‘ಬೇಡ, ಬೇಡ’ ಎನ್ನುತ್ತದೆ, ಮತ್ತು ಮುಟ್ಟುತ್ತದೆ. ನೋಡಿದವರು ‘ಎಷ್ಟು ಕೊಬ್ಬು!’ ಎನ್ನುತ್ತಾರೆ. ಕೊಬ್ಬಲ್ಲ. ನಿಯಮವನ್ನು ನೆನಪಿನಲ್ಲಿಡುವ ಶಕ್ತಿ ಬಂದಿದೆ, ಕೈಯನ್ನು ಹಿಡಿದು ನಿಲ್ಲಿಸುವ ಶಕ್ತಿ ಬಂದಿಲ್ಲ. ಹೀಗೆ ತಡೆಯುವ ಕೆಲಸ ಮುಖ್ಯವಾಗಿ ಹಣೆಯ ಹಿಂದಿರುವ ಮೆದುಳಿನ ಭಾಗದ್ದು. ಅದು ಎಲ್ಲಕ್ಕಿಂತ ನಿಧಾನವಾಗಿ ಬಲಿಯುವ ಭಾಗಗಳಲ್ಲಿ ಒಂದು. ಇಪ್ಪತ್ತು ವರ್ಷ ದಾಟಿದ ಮೇಲೂ ಅದರ ಬೆಳವಣಿಗೆ ನಡೆದಿರುತ್ತದೆ. ಗಾಡಿಗೆ ಎಂಜಿನ್ನು ಮೊದಲು ಬಂದು ಬ್ರೇಕು ಆಮೇಲೆ ಬಂದಂತೆ. ಅಷ್ಟರವರೆಗೆ ಬ್ರೇಕಿನ ಕೆಲಸ ನಮ್ಮದು.

ಇದೆಲ್ಲ ತಿಳಿದಿದ್ದೂ ನಾನು ತಪ್ಪಿದ ಒಂದು ದಿನದ ಸಂಗತಿಯನ್ನು ಹೇಳಬೇಕು. ನಮ್ಮ ಮನೆಯ ರೇಡಿಯೋ ಹಳೆಯದು. ಅದು ಗಿಡ್ಡ ಮೇಜಿನ ಮೇಲಿತ್ತು. ತಿರುಗಿಸಿದರೆ ಮನುಷ್ಯರ ದನಿ ಬರುವ ಗುಂಡಿಗಿಂತ ಹೆಚ್ಚಿನ ಆಕರ್ಷಣೆ ಮಗುವಿಗೆ ಯಾವುದಿದೆ? ಮೂರು ಸಲ ‘ಬೇಡ’ ಎಂದೆ. ನಾಲ್ಕನೆಯ ಸಲ ಅವನು ತಂತಿಯನ್ನು ಹಿಡಿದೆಳೆದ. ರೇಡಿಯೋ ಕೆಳಕ್ಕೆ ಬಿತ್ತು. ನಾನು ಅವನ ಕೈ ಮೇಲೆ ಹೊಡೆದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಉಸಿರು ಕಟ್ಟಿ ಅತ್ತ. ಅಳುತ್ತಲೇ ಎರಡು ಕೈಗಳನ್ನೂ ಚಾಚಿಕೊಂಡು ಬಂದದ್ದು ಮಾತ್ರ ನನ್ನ ಹತ್ತಿರವೇ. ಹೊಡೆದವನೂ ನಾನೇ, ಸಮಾಧಾನ ಮಾಡಬೇಕಾದವನೂ ನಾನೇ. ಅವನಿಗೆ ಹೋಗಲು ಬೇರೆ ಸ್ಥಳವಿರಲಿಲ್ಲ. ಎತ್ತಿಕೊಂಡೆ. ಅವನು ಕಲಿತದ್ದೇನು? ರೇಡಿಯೋದ ವಿಷಯವನ್ನಂತೂ ಅಲ್ಲ. ಮಾರನೆಯ ಬೆಳಗ್ಗೆ ಮತ್ತೆ ಗುಂಡಿಗೆ ಕೈಹಾಕಿದ. ಕಲಿತವನು ನಾನು. ರೇಡಿಯೋ ಈಗ ಗೋಡೆಯ ಹಲಗೆಯ ಮೇಲಿದೆ. ಅಂದಿನಿಂದ ಆ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಹೊಡೆಯದೆ ಹೆದರಿಸುವ ದಾರಿಯೂ ನಮ್ಮಲ್ಲಿ ಹಳೆಯದು: ಗುಮ್ಮ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಅಂಗಲಾಚಿ, ಇನ್ನು ಮೇಲೆ ಒಳ್ಳೆಯವನಾಗಿರುವೆನೆಂದು ಒಂದರ ಮೇಲೊಂದು ಮಾತು ಕೊಡುತ್ತಾನೆ. ಆ ಹಾಡಿನ ಸವಿ ಎಲ್ಲಿದೆಯೆಂದರೆ, ಆ ಮಾತುಗಳಲ್ಲಿ ಒಂದನ್ನೂ ಅವನು ಉಳಿಸಿಕೊಳ್ಳಲಾರನೆಂಬುದು ಕೇಳುವವರಿಗೆಲ್ಲ ಗೊತ್ತು. ನಮ್ಮ ಮಕ್ಕಳೂ ಉಳಿಸಿಕೊಳ್ಳಲಾರರು. ಭಯವನ್ನು ಮಾತ್ರ ಉಳಿಸಿಕೊಂಡು ರಾತ್ರಿ ಎದ್ದು ಅಳುತ್ತಾರೆ.

ಹಾಗಾದರೆ ಮಗು ನೆಲದ ಮೇಲೆ ಬಿದ್ದು ಕೈಕಾಲು ಬಡಿಯುವಾಗ ಮಾಡಬೇಕಾದದ್ದೇನು? ಮಿನ್ನೆಸೋಟ ವಿಶ್ವವಿದ್ಯಾನಿಲಯದ ಫ್ಲಾರೆನ್ಸ್ ಗುಡ್‌ಎನಫ್ ಎಂಬವರು ತಾಯಂದಿರಿಂದ ದಿನಚರಿ ಬರೆಯಿಸಿ 1931ರಲ್ಲಿ ಮಕ್ಕಳ ಕೋಪದ ಮೇಲೆ ಒಂದು ಪುಸ್ತಕವನ್ನೇ ತಂದರು. ಕೋಪ ತುತ್ತತುದಿಗೇರುವುದು ಎರಡನೆಯ ವರ್ಷದಲ್ಲಿ. ಹೆಚ್ಚಿನವು ಐದು ನಿಮಿಷದೊಳಗೆ ಮುಗಿಯುತ್ತವೆ. ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಹೆಚ್ಚು. ಈ ಮೂರು ಸಂಗತಿಗಳಲ್ಲೇ ಔಷಧವಿದೆ. ಹಸಿವು, ನಿದ್ರೆಗಳ ಹೊತ್ತನ್ನು ತಪ್ಪಿಸಬೇಡಿ. ಈ ವಯಸ್ಸಿಗೆ ಹಗಲುನಿದ್ರೆಯೂ ಸೇರಿ ಹನ್ನೊಂದರಿಂದ ಹದಿನಾಲ್ಕು ಗಂಟೆ ನಿದ್ರೆ ಬೇಕು. ಮಗುವಿಗೆ ಪೆಟ್ಟಾಗದಂತೆ ನೋಡಿಕೊಂಡು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಐದು ನಿಮಿಷ ದೊಡ್ಡ ಹೊತ್ತಲ್ಲ. ‘ಅಂಗಿ ಹಾಕಿಕೊಳ್ಳುತ್ತೀಯಾ?’ ಎಂದು ಕೇಳಿದರೆ ‘ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಕೆಂಪು ಅಂಗಿಯೋ, ನೀಲಿಯದೋ?’ ಎಂದು ಕೇಳಿ. ಮಗುವಿಗೆ ತಾನು ಆರಿಸಿದೆನೆಂಬ ಸಂತೋಷ, ನಿಮಗೆ ಅಂಗಿ ಹಾಕಿದಿರೆಂಬ ಸಂತೋಷ. ಬಹುಮಟ್ಟಿಗೆ ಇದು ನಡೆಯುತ್ತದೆ. ನಡೆಯದ ದಿನ ಅಂಗಿಯಿಲ್ಲದೆ ಮನೆಯಲ್ಲಿ ಓಡಾಡಿದರೆ ಲೋಕ ಮುಳುಗುವುದಿಲ್ಲ.

ಆದರೆ ಕೆಲವು ವಿಷಯಗಳಲ್ಲಿ ಲೋಕ ನಿಜವಾಗಿಯೂ ಮುಳುಗುತ್ತದೆ. ಅಲ್ಲಿ ಮಗುವಿನ ವಿವೇಕವನ್ನು ನಂಬದೆ ಬಾಗಿಲಿನ ಚಿಲಕವನ್ನು ನಂಬಬೇಕು. ಈ ವಯಸ್ಸಿನ ಮಗುವಿಗೆ ಮೈಯ ಪ್ರಮಾಣಕ್ಕೆ ತಲೆ ಭಾರ. ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು. ಎರಡು ಮೂರು ಅಂಗುಲ ನೀರೂ ಪ್ರಾಣ ತೆಗೆಯಬಲ್ಲದು, ಅದೂ ಸದ್ದಿಲ್ಲದೆ. ಬಕೆಟ್ಟುಗಳನ್ನು ಬರಿದುಮಾಡಿ ಕವುಚಿಡಿ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾಗಿರುವ ನೆಲದೊಳಗಿನ ನೀರಿನ ಸಂಪಿಗೆ ಮುಚ್ಚಳವೂ ಬೀಗವೂ ಇರಲಿ. ಇಡೀ ಕಡಲೆಕಾಯಿ ಬೀಜ, ನಾಣ್ಯ, ಗುಂಡಿ ಬ್ಯಾಟರಿ ಕೈಗೆ ಸಿಗದಿರಲಿ; ಬ್ಯಾಟರಿ ನುಂಗಿದನೆಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬಿಸಿ ಸಾರಿನ ಪಾತ್ರೆ ಮೇಜಿನ ಅಂಚಿನಲ್ಲಿ ಬೇಡ. ಹೀಗೆ ಮನೆಯನ್ನು ಒಮ್ಮೆ ಸಜ್ಜುಮಾಡಿದರೆ ದಿನದ ಅರ್ಧದಷ್ಟು ‘ಬೇಡ’ಗಳು ತಾವಾಗಿಯೇ ನಿಲ್ಲುತ್ತವೆ, ಉಳಿದವಕ್ಕೆ ಬೆಲೆ ಬರುತ್ತದೆ.

ಊಟ ಮಾಡಿಸುವಾಗ ಮೊಬೈಲು ಕೊಡಬಹುದೇ ಎಂದು ಕೇಳುವವರುಂಟು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಒಂದು ವರ್ಷದ ಮಗುವನ್ನು ಪರದೆಯ ಮುಂದೆ ಕೂರಿಸುವುದು ತಕ್ಕದ್ದಲ್ಲವೆಂದೂ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ಹೇಳಿದೆ. ಹೂಕುಂಡದ ಇರುವೆ, ಬೀದಿಯ ಹಸು, ಸೊಪ್ಪಿನ ಗಾಡಿಯ ಕೂಗು ಇವು ಇನ್ನೂ ಬಿಟ್ಟಿಯಾಗಿ ದೊರೆಯುತ್ತವೆ.

ನಗುನಗುತ್ತಾ ಇರುವಾಗಲೂ ಕೆಲವು ಗುರುತುಗಳ ಮೇಲೆ ಕಣ್ಣಿರಲಿ. ಹದಿನೆಂಟು ತಿಂಗಳಾದರೂ ಮಗು ನಡೆಯದಿದ್ದರೆ, ಒಂದೂ ಮಾತು ಬಾರದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಮಾತು ಜೋಡಿಸದಿದ್ದರೆ, ಕರೆದರೆ ತಿರುಗದಿದ್ದರೆ, ಬಂದ ಮಾತು ಹೊರಟುಹೋದರೆ ‘ನಮ್ಮ ಮನೆತನದಲ್ಲಿ ಎಲ್ಲರೂ ತಡ’ ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಕಿವಿಯ ದೋಷವೋ ಬೇರೆ ತೊಂದರೆಯೋ ಇದ್ದರೆ, ಬೇಗ ತಿಳಿದಷ್ಟೂ ಮಗುವಿಗೆ ಲಾಭ.

ನಮ್ಮ ಪುಟ್ಟನಿಗೆ ರೇಡಿಯೋ ಈಗ ಎಟುಕುವುದಿಲ್ಲ. ಸಂಜೆ ಅದರ ಕೆಳಗೆ ನಿಂತು ಮೇಲಕ್ಕೆ ಬೆರಳು ಮಾಡಿ ‘ನಿಂಗೆ ಬೇಕು’ ಎನ್ನುತ್ತಾನೆ. ನಾನು ಎತ್ತಿಕೊಳ್ಳುತ್ತೇನೆ. ಗುಂಡಿಯನ್ನು ಇಬ್ಬರೂ ಸೇರಿ ತಿರುಗಿಸುತ್ತೇವೆ. ವಾರ್ತೆ ಆರಂಭವಾದ ಕೂಡಲೇ ಅವನು ಗಂಭೀರವಾಗಿ ‘ಬೇಡ’ ಎನ್ನುತ್ತಾನೆ. ಆ ವಿಷಯದಲ್ಲಿ ಕೆಲವು ದಿನ ನನಗೂ ಅವನಿಗೂ ಭಿನ್ನಾಭಿಪ್ರಾಯವಿರುವುದಿಲ್ಲ.