ಬಿಲ್ಲೇ ಕೈಕೊಟ್ಟಾಗ

ಮಾರಾಟವಾದ ಬಿಲ್ಲು ಬಾಣಗಳಲ್ಲಿ ದೋಷ ಕಂಡುಬಂದರೆ ತಯಾರಕರು ಅವನ್ನು ವಾಪಸ್ ತರಿಸಿಕೊಂಡು ರಿಪೇರಿ ಮಾಡಿಕೊಡಬೇಕು, ಬದಲಿ ಕೊಡಬೇಕು ಇಲ್ಲವೇ ಹಣ ಹಿಂತಿರುಗಿಸಬೇಕು. ಇದೇ ರೀಕಾಲ್. ಕಾರು, ಮೊಬೈಲ್ ಬ್ಯಾಟರಿಗಳ ಸುದ್ದಿಯಲ್ಲಿ ಈ ಮಾತು ಕೇಳಿದವರಿಗೂ ಬಿಲ್ಲಿಗೆ ಇದು ಅನ್ವಯಿಸುತ್ತದೆಂಬುದು ಗೊತ್ತಿರುವುದು ಕಡಿಮೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಬೇಟೆಯ ಪರಂಪರೆಯುಳ್ಳ ಮ್ಯಾಸಬೇಡರ ನೆಲ. ಹಟ್ಟಿಯಲ್ಲೇ ಬಿಲ್ಲು ಮಾಡಿಕೊಳ್ಳುತ್ತಿದ್ದಾಗ ಅದು ಸೀಳಿದರೆ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಇಂದು ಕ್ರೀಡೆಯಾಗಿ ಬಿಲ್ಲುಗಾರಿಕೆ ಕಲಿಯುವ ಮಕ್ಕಳ ಕೈಗೆ ಬರುವ ಬಿಲ್ಲನ್ನು ಮಾಡಿದವರು ಯಾರೋ, ಮಾರಿದವರು ಯಾರೋ.

ಹೆದೆಯನ್ನು ಪೂರ್ತಿ ಎಳೆದಾಗ ಬಿಲ್ಲಿನ ಬಾಗಿದ ತೋಳುಗಳಲ್ಲಿ ಶಕ್ತಿ ತುಂಬಿಕೊಳ್ಳುತ್ತದೆ. ಹೆದೆ ಬಿಟ್ಟಾಗ ಅದರ ಬಹುಪಾಲು ಬಾಣಕ್ಕೆ ಸೇರಬೇಕು. ಬಾಣದ ಹಿಂತುದಿಯಲ್ಲಿ ಹೆದೆಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ತುಣುಕು, ಅಂದರೆ ನಾಕ್, ಒಡೆದರೆ ಹೆದೆ ಬರಿದೇ ಚಿಮ್ಮುತ್ತದೆ. ಆ ಹೊಡೆತವೆಲ್ಲ ಬಿಲ್ಲಿಗೇ ಬಿದ್ದು ತೋಳು ಸೀಳಬಹುದು, ಹೆದೆ ಹರಿದು ಮುಖಕ್ಕೆ ಬಡಿಯಬಹುದು. ಕಾರ್ಬನ್ ಬಾಣದ ಅಪಾಯ ಇನ್ನೂ ದೊಡ್ಡದು. ಕಣ್ಣಿಗೆ ಬೀಳದ ಬಿರುಕಿದ್ದರೂ ಬಾಣ ಬಿಡುವ ಗಳಿಗೆಯಲ್ಲೇ ಮುರಿದು, ಅದರ ಚೂಪಾದ ಸಿಬಿರುಗಳು ಬಿಲ್ಲು ಹಿಡಿದ ಕೈಗೇ ನಾಟಬಹುದು. ಅದಕ್ಕೇ ಪಳಗಿದವರು ಹೂಡುವ ಮೊದಲು ಬಾಣದ ಎರಡೂ ತುದಿ ಹಿಡಿದು, ತಿರುಗಿಸುತ್ತ ಮೆಲ್ಲಗೆ ಬಾಗಿಸಿ ಕಿವಿಗೊಡುತ್ತಾರೆ. ಚಿಟಪಟ ಸದ್ದು ಕೇಳಿಸಿದರೆ ಆ ಬಾಣವನ್ನು ಮತ್ತೆ ಹೂಡುವುದಿಲ್ಲ.

ಅಮೆರಿಕದಲ್ಲಿ 1972ರ ಕಾಯ್ದೆಯಿಂದ ಹುಟ್ಟಿದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬಿಲ್ಲು, ಅಡ್ಡಬಿಲ್ಲುಗಳ ರೀಕಾಲ್ ಪ್ರಕಟಣೆ ಹೊರಡಿಸುತ್ತ ಬಂದಿದೆ. ಮಾದರಿ ಯಾವುದು, ಅಪಾಯವೇನು, ಎಷ್ಟು ಮಾರಾಟವಾಗಿದೆ, ಪರಿಹಾರವೇನು ಎಲ್ಲವೂ ಅದರಲ್ಲಿರುತ್ತದೆ. ಭಾರತದಲ್ಲೂ ಕಾನೂನಿಗೆ ಹಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, 2020ರ ಜುಲೈನಲ್ಲಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಪಾಯಕಾರಿ ಸರಕನ್ನು ವಾಪಸ್ ತರಿಸಿ ಹಣ ಮರಳಿಸಲು ಆದೇಶಿಸಬಹುದು. ಆದೇಶ ಮೀರಿದರೆ 6 ತಿಂಗಳವರೆಗೆ ಜೈಲು, 20 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ದೋಷದಿಂದ ಗಾಯಗೊಂಡವರು ತಯಾರಕರಿಂದ ಪರಿಹಾರವನ್ನೂ ಕೇಳಬಹುದು. ಗ್ರಾಹಕರ ಸಹಾಯವಾಣಿ 1915. ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿರುವುದರಿಂದ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನವರು ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಗಡುವು 2 ವರ್ಷ.

ಆದರೆ ಕೊಂಡವರು ಯಾರೆಂದು ಕಂಪನಿಗೆ ಗೊತ್ತಿಲ್ಲದಿದ್ದರೆ ರೀಕಾಲ್ ಕಾಗದದಲ್ಲೇ ಉಳಿಯುತ್ತದೆ. ಕೈಯಿಂದ ಕೈಗೆ ದಾಟಿದ ಹಳೆಯ ಬಿಲ್ಲಿಗಂತೂ ವಿಳಾಸವೇ ಇರುವುದಿಲ್ಲ. ಬಿಲ್ಲು ಕೊಂಡ ದಿನವೇ ರಸೀದಿ ತೆಗೆದಿಟ್ಟು ಮಾದರಿಯ ಹೆಸರು, ಸೀರಿಯಲ್ ನಂಬರ್ ಬರೆದುಕೊಳ್ಳಬೇಕು. ಮುರಿದರೆ ತುಂಡುಗಳನ್ನು ಎಸೆಯದೆ ಫೋಟೊ ತೆಗೆದು ಎತ್ತಿಡಬೇಕು. ದೂರಿಗೆ ಅವೇ ಸಾಕ್ಷಿ.