ಮೇವು ಕೊಯ್ಯುವ ಕಟರ್ ಬಾರ್: ಆಯ್ಕೆ ಮತ್ತು ಆರೈಕೆ

ಹತ್ತಾರು ಹಸು ಕಟ್ಟಿದ ರೈತರಿಗೆ ಬೆಳಗಾದರೆ ಹಸಿರು ಮೇವಿನ ಚಿಂತೆ. ಕುಡುಗೋಲು ಹಿಡಿಯುವ ಆಳು ಸಿಗುವುದು ಕಷ್ಟ. ಟ್ರಾಕ್ಟರ್ ಉಳ್ಳವರು ಅದಕ್ಕೆ ಜೋಡಿಸುವ ಕಟರ್ ಬಾರ್ ಮೋವರಿನ ಕಡೆ ನೋಡುವುದು ಸಹಜ. ಆದರೆ ಕೊಳ್ಳುವ ಮುನ್ನ ನಿಮ್ಮ ಹೊಲವನ್ನೊಮ್ಮೆ ನೋಡಿಕೊಳ್ಳಿ.

ಕುದುರೆ ಮೆಂತೆ, ರೋಡ್ಸ್ ಹುಲ್ಲು, ಓಟ್ಸ್ ಮುಂತಾದ ತೆಳುಕಾಂಡದ ಮೇವಿಗೆ ಇದು ಹೇಳಿ ಮಾಡಿಸಿದ ಯಂತ್ರ. ಬಲಿತ ನೇಪಿಯರ್ ಹುಲ್ಲಿಗೆ, ಕಲ್ಲು ತುಂಬಿದ ನೆಲಕ್ಕೆ ತಕ್ಕದ್ದಲ್ಲ. ಒರಗಿ ಹೆಣೆದುಕೊಂಡ ಬೆಳೆಯಲ್ಲಿ ಆಗಾಗ ಕಟ್ಟಿಕೊಳ್ಳುತ್ತದೆ. ಅಲ್ಲಿ ತಿರುಗುವ ತಟ್ಟೆಯ ಮೋವರ್ ಮೇಲು, ಆದರೆ ಅದು ಕೇಳುವ ಅಶ್ವಶಕ್ತಿ ಹೆಚ್ಚು. ಸಣ್ಣ ಮಡಿಗಳಲ್ಲಿ ನೀರು ಹಾಯಿಸುವವರ ಹೊಲದಲ್ಲಿ ಬಾರ್ ಬದುಗಳಿಗೆ ತಗುಲಿ ಮಣ್ಣು ಕೆರೆಯುತ್ತದೆ. ಮೊದಲು ಉದ್ದನೆಯ ಪಟ್ಟಿ ಮಡಿಗಳನ್ನು ಮಾಡಿಕೊಳ್ಳಿ, ಯಂತ್ರ ಆಮೇಲೆ.

5 ಅಡಿ ಬಾರ್‌ಗೆ 35 ಅಶ್ವಶಕ್ತಿಯ ಟ್ರಾಕ್ಟರ್ ಧಾರಾಳವಾಯಿತು. ಗಂಟೆಗೆ 6 ಕಿ.ಮೀ. ವೇಗದಲ್ಲಿ, ತಿರುವುಗಳ ಹೊತ್ತು ಕಳೆದು, ಒಂದೂವರೆ ಎಕರೆ ಕೊಯ್ಯಬಹುದು. ಕಲ್ಲು, ಗೂಟ ತಗುಲಿದಾಗ ಬಾರ್ ತಾನಾಗಿ ಹಿಂದಕ್ಕೆ ಸರಿಯುವ ಬಿಡುಗಡೆ ಕೊಂಡಿ ಇದೆಯೇ ನೋಡಿ. ಬಣ್ಣ ನೋಡಿ ಮರುಳಾಗದೆ, ಬಿಡಿ ಬ್ಲೇಡು, ಗಾರ್ಡು, ರಿವೆಟ್ಟುಗಳು ಹತ್ತಿರದ ಪೇಟೆಯಲ್ಲಿ ದೊರೆಯುತ್ತವೆಯೇ ಎಂದು ಕೇಳಿ.

ಯಂತ್ರ ತಡವರಿಸಿದೊಡನೆ ಆಕ್ಸಿಲರೇಟರ್ ಎಳೆಯುವುದು ನಮ್ಮ ಚಾಲಕರ ಮೊದಲ ಮದ್ದು. ರೋಗ ಇರುವುದು ಬೇರೆಡೆ. ಕಟರ್ ಬಾರ್ ಎಂದರೆ ಸಾಲಾಗಿ ಜೋಡಿಸಿದ ಕತ್ತರಿಗಳು: ಆಡುವ ಬ್ಲೇಡು ಒಂದಲಗು, ಗಾರ್ಡಿನೊಳಗಿನ ಲೆಡ್ಜರ್ ಪ್ಲೇಟು ಇನ್ನೊಂದು. ಎರಡರ ನಡುವೆ ಸಂದು ಬಿಟ್ಟರೆ ಕಾಂಡ ಕತ್ತರಿಸುವುದಿಲ್ಲ, ಹರಿಯುತ್ತದೆ. 25-30 ದಿನಕ್ಕೊಮ್ಮೆ ಕೊಯ್ಯುವ ಕುದುರೆ ಮೆಂತೆಯಲ್ಲಿ ಹೀಗೆ ಸಿಗಿದ ಬುಡ ಚಿಗುರಲು ತಡವಾಗಿ, ಮುಂದಿನ ಕೊಯ್ಲೇ ಸೊರಗುತ್ತದೆ.

ಆದ್ದರಿಂದ ಬ್ಲೇಡಿನ ತುದಿ ಲೆಡ್ಜರ್ ಪ್ಲೇಟಿನ ಮೇಲೆ ಕೂತಿರಬೇಕು. ಮೇಲಿನ ಒತ್ತು ಕ್ಲಿಪ್ಪಿಗೂ ಬ್ಲೇಡಿಗೂ ಅರ್ಧ ಮಿ.ಮೀ. ಸಂದು ಸಾಕು, ಕೈಯಿಂದ ಎಳೆದರೆ ಪಟ್ಟಿ ಸರಾಗ ಆಡಬೇಕು. ಸಾಮಾನ್ಯ ಬಾರ್‌ಗಳಲ್ಲಿ ಗಾರ್ಡುಗಳ ಅಂತರ 3 ಅಂಗುಲ, ಬ್ಲೇಡಿನ ಓಟವೂ 3 ಅಂಗುಲ. ಓಟದ ಎರಡೂ ಕೊನೆಯಲ್ಲಿ ಬ್ಲೇಡಿನ ನಡು ಗಾರ್ಡಿನ ನಡುವಿಗೆ ಸರಿಯಾಗಿ ನಿಲ್ಲದಿದ್ದರೆ ಪಿಟ್‌ಮನ್ ಸರಳಿನ ಉದ್ದವನ್ನೋ ಬಾರಿನ ಜಾಗವನ್ನೋ ಹೊಂದಿಸಬೇಕು. ಕೊಯ್ಯುವಾಗ ಬೆಳೆಯ ಒತ್ತಡಕ್ಕೆ ಬಾರಿನ ಹೊರತುದಿ ಹಿಂದಕ್ಕೆ ಬಾಗುವುದರಿಂದ, ನಿಂತಾಗಲೇ ಅದನ್ನು ಒಳತುದಿಗಿಂತ ಮುಂದಿಡಬೇಕು. ಮೀಟರಿಗೆ 2 ಸೆಂ.ಮೀ. ಲೆಕ್ಕದಲ್ಲಿ 5 ಅಡಿಗೆ 3 ಸೆಂ.ಮೀ.

ನಯವಾದ ಬ್ಲೇಡನ್ನು ಅದರ ಇಳಿಜಾರು ಬದಿಯಲ್ಲಷ್ಟೇ ಮಸೆಯಿರಿ. ಮೇಲ್ಮೈಯಲ್ಲಿ ಹಲ್ಲಿರುವ ಬ್ಲೇಡನ್ನು ಮಸೆಯಬೇಡಿ, ಸವೆದದ್ದನ್ನು ಬದಲಿಸಿ. ಸಡಿಲ ರಿವೆಟ್ಟನ್ನು ಅಂದೇ ಬಿಗಿ ಮಾಡಿ. ಕೊಯ್ಲು ಮುಗಿದ ಮೇಲೆ ಪಟ್ಟಿಯನ್ನು ಹೊರಗೆಳೆದು ಒರೆಸಿ, ಎಣ್ಣೆ ಸವರಿ, ಮಕ್ಕಳ ಕೈಗೆಟುಕದಂತೆ ಹಲಗೆಯ ಮೇಲೆ ಮಲಗಿಸಿಡಿ.

ಹುಲ್ಲು ಕಟ್ಟಿಕೊಂಡಾಗ ಪಿ.ಟಿ.ಓ. ಬಿಡಿಸಿ, ಎಂಜಿನ್ ಆರಿಸಿ, ಕೀಲಿಕೈ ಜೇಬಿಗೆ ಹಾಕಿಕೊಂಡೇ ಇಳಿಯಿರಿ. ಆಗಲೂ ಬೆರಳು ಹಾಕಬೇಡಿ. ಒಂದು ಗಟ್ಟಿ ಕೋಲನ್ನು ಟ್ರಾಕ್ಟರಿನಲ್ಲೇ ಕಟ್ಟಿಡಿ.